ಗದ್ಲ ಅಲ್ಲ

ಆ ಸಿನಿಮಾದಲ್ಲಿ ಸತ್ತವರಿಗಾಗಿ ನಮ್ಮ ಕನ್ನಡ ಸಂಘದವರು ಅತ್ತಷ್ಟು ತಮ್ಮ ಸ್ವಂತ ಬಳಗದವರಿಗಾಗಿ ಅತ್ತದ್ದನ್ನು ನಾನು ಕಂಡಿಲ್ಲ. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲ್‌ನಲ್ಲಿ, ಭಾನುವಾರ ಬೆಳಗ್ಗೆ, ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ ತಿಂಗಳಿಗೊಂದು ಚಿತ್ರ ನೋಡುತ್ತಿದ್ದೆವು. ಬರುವವರಲ್ಲಿ ಅರ್ಧ ಜನ, ತೀರಿಹೋದ ನನ್ನ ಅಪ್ಪನಂತೆ, ಸರ್ಕಾರಿ ಕಾರ್ಖಾನೆಗಳ ಕೆಲಸಕ್ಕೆಂದು ಕರ್ನಾಟಕದಿಂದ ಬಂದು ಇಲ್ಲೇ ನಿವೃತ್ತರಾದವರು. ಇನ್ನರ್ಧ, ಮಾದಾಪುರದ ಕಂಪನಿಗಳಿಗೆ ವಾರಕ್ಕಿಷ್ಟು ಅಂತ ಬಂದಿಳಿಯುತ್ತಿದ್ದ ಮೈಸೂರು, ಮಂಗಳೂರು ಕಡೆಯ ಎಂಜಿನಿಯರುಗಳು. ನಾನೂ ಅಲ್ಲೇ ಒಂದು ಕಂಪನಿಯಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವ ಕೆಲಸ ಮಾಡುತ್ತಿದ್ದೆ. ಪ್ರೊಜೆಕ್ಟರ್ ನನ್ನ ಆಫೀಸಿನದು, ಡಿವಿಡಿ ಎಂಜಿನಿಯರುಗಳದು, ಚೂಡಾ ಮತ್ತು ಚಹಾ ಹಿರಿಯರದು.

ಸಂಘದಲ್ಲಿ ಒಂದು ಪದ್ಧತಿ ಇತ್ತು. ಚಿತ್ರ ಮುಗಿದ ಮೇಲೆ 'ಅನಿಸಿಕೆ ಪುಸ್ತಕ' ಎಂಬ ದಪ್ಪ ರಿಜಿಸ್ಟರು ಕೈಯಿಂದ ಕೈಗೆ ಹೋಗಬೇಕು. ಪ್ರತಿಯೊಬ್ಬರೂ ನಾಲ್ಕು ಸಾಲು ಬರೆದು, ಎದ್ದು ನಿಂತು ಓದಬೇಕು. ಆಮೇಲೆಯೇ ಚೂಡಾ. ಹಸಿದವರು ಚುಟುಕಾಗಿ ಬರೆಯುತ್ತಿದ್ದರು. ವರ್ಷದ ಕೊನೆಗೆ ಅದರಲ್ಲಿ ಆರಿಸಿದ್ದನ್ನು ಸಂಘದ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದು. ಕನ್ನಡ ಕೀಲಿಮಣೆ ಬರುತ್ತಿದ್ದವಳು ಇಡೀ ಸಂಘದಲ್ಲಿ ನಾನೊಬ್ಬಳೇ ಆದ್ದರಿಂದ ಟೈಪು ಮಾಡುವ ಕರ್ಮ ನನ್ನದು.

ಅವತ್ತಿನ ಚಿತ್ರ ಯಾವುದೋ ದೂರದ ದೇಶದ್ದು. ಒಂದು ಜನಾಂಗದವರು ಇನ್ನೊಂದು ಜನಾಂಗದವರನ್ನು ಬೀದಿ ಬೀದಿಯಲ್ಲಿ ಹುಡುಕಿ ಕೊಲ್ಲುತ್ತಾರೆ. ಕೊಲ್ಲುವವರ ಕಡೆಗೇ ಸೇರಿದ ಒಬ್ಬ ಬ್ರೆಡ್ಡು ಸುಡುವವನು ತನ್ನ ಹಿಟ್ಟಿನ ಗೋದಾಮಿನಲ್ಲಿ ನೆರೆಹೊರೆಯವರನ್ನು ಬಚ್ಚಿಡುತ್ತಾನೆ. ಬಾಗಿಲಿಗೆ ಬಂದವರಿಗೆ 'ಇಲ್ಲಿ ಹಿಟ್ಟು ಬಿಟ್ಟರೆ ಏನೂ ಇಲ್ಲ' ಅನ್ನುತ್ತಾನೆ, ಮೈಮೇಲೆ ಹೊಡೆತ ಬಿದ್ದರೂ ಅದನ್ನೇ ಅನ್ನುತ್ತಾನೆ. ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಿದ್ದವು. ಹಿರಿಯರಿಗೆ ಅಷ್ಟು ಬೇಗ ಓದಲಾಗದು ಅಂತ ನಾನು ಪರದೆಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ.

ಆ ದೊಡ್ಡ ಇಂಗ್ಲಿಷ್ ಪದ ಬಂದಾಗ ನನ್ನ ನಾಲಿಗೆ ತಡವರಿಸಿತು. ನರಮೇಧ ಅನ್ನುವ ಮಾತು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಮನೆಯಲ್ಲಿ ಸಣ್ಣಂದಿನಿಂದ ಕೇಳಿದ ಮಾತು ತಾನಾಗಿ ಹೊರಬಿತ್ತು. 'ಅಲ್ಲಿ ದೊಡ್ಡ ಗದ್ಲ ಆಗ್ಯಾದ್ರಿ' ಅಂದೆ. ಎಲ್ಲರೂ ತಲೆಯಾಡಿಸಿದರು. ನಮ್ಮ ಬೀದರ, ಕಲಬುರ್ಗಿ ಕಡೆಯವರಿಗೆ ಅದು ಬಿಡಿಸಿ ಹೇಳಬೇಕಾದ ಮಾತಲ್ಲ. ನಿಜಾಮರ ರಾಜ್ಯ ಹೋದ ವರ್ಷ, ನಲವತ್ತೆಂಟರಲ್ಲಿ, ಆದದ್ದಕ್ಕೆಲ್ಲ ನಮ್ಮಲ್ಲಿ ಇರುವುದು ಅದೊಂದೇ ಹೆಸರು. ಯಾರ ಮನೆಯ ಹಿರಿಯರನ್ನು ಕೇಳಿದರೂ 'ಗದ್ಲದಾಗ ಹೋದ್ರು' ಅನ್ನುತ್ತಾರೆ, ಹಾಸಿಗೆ ಸುತ್ತಿಟ್ಟ ಹಾಗೆ ಮಾತನ್ನು ಅಲ್ಲಿಗೇ ಸುತ್ತಿಡುತ್ತಾರೆ. ಮೂರನೇ ಸಾಲಿನಲ್ಲಿ ಕೂತಿದ್ದ ನನ್ನ ಅವ್ವ ಮಾತ್ರ ತಲೆಯಾಡಿಸಲಿಲ್ಲ.

ಚಿತ್ರ ಮುಗಿದಾಗ ಕರವಸ್ತ್ರಗಳೆಲ್ಲ ಒದ್ದೆ. ಪುಸ್ತಕ ಹೊರಟಿತು. ಮೈಸೂರಿನ ಒಬ್ಬ ಎಂಜಿನಿಯರ್ ಎದ್ದು, 'ನಾನಿದ್ದಿದ್ರೂ ಅವನ ಹಾಗೇ ಬಾಗಿಲು ತೆಗೀತಿದ್ದೆ' ಅಂತ ಓದಿದ. ಚಪ್ಪಾಳೆ. ಅವನ ಪಕ್ಕದವಳೂ ಅದನ್ನೇ ಬರೆದಿದ್ದಳು. ಆಮೇಲೆ ಯಾರು ಎದ್ದರೂ ಅದೇ ರಾಗ: ನಾವಿದ್ದರೂ ಹಾಗೇ ಮಾಡುತ್ತಿದ್ದೆವು, ನಾವಿದ್ದರೂ ಬಾಗಿಲು ತೆಗೆಯುತ್ತಿದ್ದೆವು. ಅಷ್ಟು ಜನ ಶೂರರು ಕೂಕಟ್‌ಪಲ್ಲಿಯ ಒಂದೇ ಹಾಲ್‌ನಲ್ಲಿ ಸಿಕ್ಕಿದ್ದು ನನಗೆ ಆಶ್ಚರ್ಯವಾಗಿತ್ತು. ಲಿಫ್ಟಿನಲ್ಲಿ ಇನ್ನೊಬ್ಬರು ಓಡಿ ಬರುತ್ತಿದ್ದಾರೆ ಅಂತ ಕಂಡರೂ ಬಾಗಿಲು ಮುಚ್ಚುವ ಗುಂಡಿ ಒತ್ತುವವರು ಅವರಲ್ಲಿ ಮೂವರಿದ್ದರು, ಬಲ್ಲೆ. ಕಡೆಗೆ ನಿವೃತ್ತ ಅಧಿಕಾರಿಯೊಬ್ಬರು ಗಂಟಲು ಸರಿಮಾಡಿಕೊಂಡು, 'ಇಂಥ ಪಾಪ ಹೊರದೇಶದಾಗ ಆಗತೈತ್ರಿ. ನಮ್ಮ ಮಂದಿ ಇಂಥಾದ್ದು ಮಾಡೂದಿಲ್ಲ' ಅಂದರು. ಅವರಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ ಬಿತ್ತು.

ಆಗ ಅವ್ವ ಕೈ ಚಾಚಿ ಪುಸ್ತಕ ಕೇಳಿದಳು.

ಅವ್ವ ಅದರಲ್ಲಿ ಎಂದೂ ಬರೆದವಳಲ್ಲ. ಅವಳು ಕಲಿತದ್ದು ನಿಜಾಮರ ಕಾಲದ ಉರ್ದು. ಕನ್ನಡ ಮಾತಾಡುತ್ತಾಳೆ, ಕನ್ನಡದಲ್ಲೇ ಬೈಯುತ್ತಾಳೆ, ಆದರೆ ಕನ್ನಡ ಅಕ್ಷರ ಅವಳಿಗೆ ಬಾರದು. ಎಲ್ಲರೂ ನೋಡುತ್ತಿರುವಂತೆಯೇ ಪೆನ್ನು ಹಾಳೆಯ ಬಲತುದಿಗೆ ಇಟ್ಟು ಎಡಕ್ಕೆ ಬರೆಯತೊಡಗಿದಳು. ನನಗೆ ನಾಚಿಕೆಯಾಯಿತು. ಹೌದು, ನಾಚಿಕೆಯೇ. 'ಅವ್ವಾ, ನೀ ಹೇಳು, ನಾ ಬರಿತೀನಿ' ಅಂತ ಕಿವಿಯಲ್ಲಿ ಪಿಸುಗುಟ್ಟಿದೆ. ಅವಳು ನನ್ನ ಕಡೆ ನೋಡಲೂ ಇಲ್ಲ. ಚಹಾದ ಕೆಟಲು ತಣ್ಣಗಾಗುತ್ತಿತ್ತು, ಅವಳು ಬರೆಯುತ್ತಲೇ ಇದ್ದಳು.

ಸಂಘದ ಕಾರ್ಯದರ್ಶಿ ಧಾರವಾಡ ಕಡೆಯವರು, ಅಪ್ಪನ ಜೊತೆ ಕೆಲಸ ಮಾಡಿದವರು, ನಾನು ಕಾಕಾ ಅನ್ನುತ್ತಿದ್ದೆ. ಅವರು ಬಗ್ಗಿ ನೋಡಿ ಗಾಬರಿಯಾದರು.

'ಅಕ್ಕಾರ, ಇದು ಕನ್ನಡ ಸಂಘದ ಪುಸ್ತಕ ಐತ್ರಿ. ಉರ್ದುದಾಗ ಬರೆಯಾಕತ್ತೀರಲ್ಲ, ಹೆಂಗ್ರಿ ಇದು?'

'ಕನ್ನಡನೇ ಅದರಿ ಇದು' ಅಂದಳು ಅವ್ವ. 'ಅಕ್ಷರ ಅಷ್ಟೇ ಬ್ಯಾರೆ.' ಎದ್ದು ನಿಂತು ಓದಿದಳು.

'ಈ ಸಿನಿಮಾದಾಗ ಆದದ್ದು ನಮ್ಮೂರಾಗ ಆಗ್ಯಾದ. ಆಗ ನನಗ ಹತ್ತು ವರ್ಷ. ಮೊದಲಿಗಿ ನಿಜಾಮರ ಕಡಿ ಬಂದೂಕು ಹಿಡದವರು ನಮ್ಮ ಮಂದಿನ್ನ ಹುಡುಕ್ಕೊಂಡು ಬಂದ್ರು. ಬಾಜೂ ಮನಿ ಉಸ್ತಾದರು ನಮ್ಮನ್ನ ಮೂರು ದಿನ ತಮ್ಮ ಒಳಕೋಣ್ಯಾಗ ಇಟ್ಟು ರೊಟ್ಟಿ ಕೊಟ್ರು. ನನಗ ಅಕ್ಷರ ಕಲಿಸಿದವರೂ ಅವರೇ. ಮುಂದ ಮಿಲಿಟ್ರಿ ಬಂತು, ರಾಜ್ಯ ಹೋಯ್ತು. ಆಗ ಬ್ಯಾರೆ ಮಂದಿ ಉಸ್ತಾದರನ್ನ ಹುಡುಕ್ಕೊಂಡು ಬಂದ್ರು. ಹಾಡಹಗಲೇ. ಉಸ್ತಾದರು ನಮ್ಮ ಬಾಗಿಲ ಬಡದು ನಮ್ಮಪ್ಪನ ಹೆಸರು ಹಿಡದು ಕರದ್ರು. ನಮ್ಮಪ್ಪ ತೆಗಿಲಿಲ್ಲ. ಅವರನ್ನ ನಮ್ಮ ಕಟ್ಟಿ ಮ್ಯಾಲೇ ಕೊಂದ್ರು. ಕೊಂದವರೊಳಗ ನಮ್ಮೂರವರೂ ಇದ್ರು.'

ಅಜ್ಜನ ಬಗ್ಗೆ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅಜ್ಜ ಹೇಳುತ್ತಿದ್ದದ್ದು, 'ಬಾಜೂ ಮನಿಯವರು ಭಾಳ ಚಲೋ ಇದ್ರು, ಗದ್ಲದಾಗ ಹೋದ್ರು' ಅಂತ ಇಷ್ಟೇ. ಅವರು ಎಲ್ಲಿಗೋ ವಲಸೆ ಹೋದರು ಅಂತ ನಾನು ತಿಳಿದಿದ್ದೆ. ಎಲ್ಲೋ ಬದುಕಿದ್ದಾರೆ ಅಂತಲೂ ತಿಳಿದಿದ್ದೆ.

ಹಾಲ್‌ನಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಿವೃತ್ತ ಅಧಿಕಾರಿ ತಮ್ಮ ಚಪ್ಪಲಿ ನೋಡಿಕೊಂಡರು. ಕಾಕಾ ಬೇಗ ಬೇಗ ಕಿಟಕಿಯ ಬೆಡ್‌ಶೀಟು ಬಿಚ್ಚಿಸಿ, 'ಬರ್ರಿ, ಚಹಾ ಆರತೈತಿ' ಅಂದರು. ಅವತ್ತು ಯಾರೂ ಚೂಡಾ ಮುಟ್ಟಲಿಲ್ಲ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಎಲ್ಲರೂ ತಿಂದರು. ಅವ್ವನೂ ತಿಂದಳು, ಖಾರ ಕಡಿಮೆಯಾಯಿತು ಅಂತ ಹೇಳಿಯೂ ಹೇಳಿದಳು.

ಮೆಟ್ಟಿಲು ಹತ್ತುವಾಗ ನನಗೆ ಬೈದಳು. 'ಗದ್ಲ ಅಂದಿ ನೀ. ಗದ್ಲ ಸಂತ್ಯಾಗ ಆಗ್ತದ, ಮದಿವ್ಯಾಗ ಆಗ್ತದ. ಅದನ್ನ ಯಾರೂ ಮಾಡಲ್ಲ, ತಾನೇ ಆಗ್ತದ. ಇದನ್ನ ಮಾಡ್ಯಾರ. ಮಾಡಿದವರಿಗಿ ಕೈ ಇದ್ದವು, ಹೆಸರು ಇದ್ದವು. ಇಷ್ಟು ಓದಿದಾಕಿ, ನಿನಗ ಒಂದು ಮಾತು ಸಿಗಲಿಲ್ಲೇನು?'

ವರ್ಷದ ಕೊನೆಗೆ ಸಂಚಿಕೆಯ ಕೆಲಸ ಶುರುವಾದಾಗ ಕಾಕಾ ಒಂದು ಸಂಜೆ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ದಿನಾ ಡಬ್ಬಿ ತಂದವರು. ಅವ್ವ ದೇವಸ್ಥಾನಕ್ಕೆ ಹೋಗಿದ್ದಳು. ಅದನ್ನು ನೋಡಿಕೊಂಡೇ ಬಂದಿದ್ದರು ಅಂತ ನನಗೀಗಲೂ ಅನುಮಾನ.

'ನಿಮ್ಮವ್ವಾರ ಅನಿಸಿಕಿ ಹಾಕೋಣು. ಬ್ಯಾಡ ಅನ್ನೂದಿಲ್ಲ' ಅಂದರು. 'ಆದರ ಸ್ವಲ್ಪ ಮೆತ್ತಗ ಮಾಡು. ಕೊಂದ್ರು ಅನ್ನೂದು ಯಾಕ, ಗದ್ಲದಾಗ ತೀರಿಕೊಂಡ್ರು ಅಂತ ಬರಿ. ನಮ್ಮೂರವರೂ ಇದ್ರು ಅನ್ನೂದು ತಗದುಬಿಡು. ನಿಮ್ಮಜ್ಜನ ಮರ್ಯಾದಿ ಪ್ರಶ್ನಿನೂ ಐತಿ, ನೋಡು.'

'ಕಾಕಾ, ಹಿಟ್ಟಿನ ಗೋದಾಮಿನವನನ್ನ ನೋಡಿ ನೀವೂ ಅತ್ರಿ' ಅಂದೆ.

'ಅದು ಸಿನಿಮಾ.'

'ಸಿನಿಮಾದಾಗ ಕೊಂದ್ರ ಕೊಂದ್ರು, ನಮ್ಮ ಕಟ್ಟಿ ಮ್ಯಾಲ ಕೊಂದ್ರ ತೀರಿಕೊಂಡ್ರು. ಚಲೋ ವ್ಯಾಕರಣ ಅದರಿ ನಿಮ್ಮದು.'

ಅವರ ಮುಖ ಕೆಂಪಾಯಿತು. ಹಂಗಾದರೆ ಆ ಪುಟವೇ ಬೇಡ ಅಂದರು. ಹಂಗಾದರೆ ಸಂಚಿಕೆ ನೀವೇ ಟೈಪು ಮಾಡಿಕೊಳ್ಳಿ, ಕೀಲಿಮಣೆ ಇಲ್ಲೇ ಇದೆ ಅಂದೆ. ಅಪ್ಪನ ಸ್ನೇಹಿತರಿಗೆ ಹಾಗೆ ಎದುರಾಡಿದ್ದು ಅದೇ ಮೊದಲು, ಮತ್ತು ನನಗೆ ಅದರಿಂದ ಬಹಳ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ. ಕಾಕಾ ಎದ್ದು ಹೋದರು. ಎರಡು ದಿನ ಬಿಟ್ಟು ಫೋನು ಮಾಡಿ, 'ಒಂದಕ್ಷರ ತಪ್ಪು ಇರಬಾರದು, ನೆನಪಿರಲಿ' ಅಂತಷ್ಟೇ ಹೇಳಿ ಇಟ್ಟರು. ನಾನು ಆ ವಾರವೆಲ್ಲ ಕ್ಯಾಬಿನಲ್ಲಿ ಎದೆಯುಬ್ಬಿಸಿಕೊಂಡು ಕೂತು ಆಫೀಸಿಗೆ ಹೋದೆ.

ಶನಿವಾರ ಬೆಳಗ್ಗೆ ಅವ್ವ ರಿಜಿಸ್ಟರು ತೊಡೆಯ ಮೇಲೆ ಇಟ್ಟುಕೊಂಡು ತನ್ನ ಪುಟ ಓದುತ್ತಾ ಹೋದಳು, ನಾನು ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಕ್ಕೆ ಇಳಿಸುತ್ತಾ ಹೋದೆ. ಅವಳ ಮಾತು ಹೇಗಿತ್ತೋ ಹಾಗೆ. 'ಮ್ಯಾಲೇ' ಅನ್ನುವುದನ್ನು 'ಮೇಲೆಯೇ' ಅಂತ ತಿದ್ದಲಿಲ್ಲ. ಪುಟ ಮುಗಿಯಿತು. ಅವಳು ರಿಜಿಸ್ಟರು ಮುಚ್ಚಿದಳು.

'ಇನ್ನೊಂದು ಬರಿ' ಅಂದಳು.

'ಅದರಾಗ ಇಲ್ಲಲ್ಲ?'

'ಇಲ್ಲ. ಅವತ್ತು ಅಷ್ಟು ಮಂದಿ ಮುಂದ ಧೈರ್ಯ ಆಗಲಿಲ್ಲ. ಈಗ ಹೇಳ್ತೀನಿ, ಬರಿ. ನಮ್ಮಪ್ಪ ಒಳಗ ತಲಿ ಹಿಡಕೊಂಡು ಕುಂತಿದ್ದ. ಬಾಗಿಲ ಹತ್ರ ಇದ್ದಾಕಿ ನಾ. ಅಗಳಿ ನನಗ ಎಟಕ್ತಿತ್ತು.'

ನನ್ನ ಬೆರಳು ನಿಂತವು. ಅವಳು ಕಾಯುತ್ತಿದ್ದಳು, ಆದ್ದರಿಂದ ಟೈಪು ಮಾಡಿದೆ. ಅವಳು ಅಡಿಗೆಮನೆಗೆ ಹೋದಳು. ಆ ಮೂರು ಸಾಲನ್ನೇ ನೋಡುತ್ತಾ ಕೂತೆ. ಹತ್ತು ವರ್ಷದ ಹುಡುಗಿ, ಹಳೆಯ ಮನೆಯ ದಪ್ಪ ಮರದ ಅಗಳಿ, ಅದರಾಚೆ ತನಗೆ ಅಕ್ಷರ ತಿದ್ದಿಸಿದವನ ದನಿ. ಅದನ್ನು ಹೊತ್ತುಕೊಂಡು ಅವಳು ಮದುವೆಯಾಗಿದ್ದಳು, ನನ್ನನ್ನು ಹೆತ್ತಿದ್ದಳು, ದಿನಾ ನನ್ನ ಕ್ಯಾಬು ಬರುವ ಮೊದಲು ರೊಟ್ಟಿ ಬಡಿದಿದ್ದಳು. ನನಗೆ ಅಳು ಬಂತು. ಆ ಸಾಲುಗಳನ್ನು ಅಳಿಸಿಬಿಟ್ಟೆ. ಸಂಘದವರು ಅವಳನ್ನು ಹೇಗೆ ನೋಡಬಹುದು, ಚಹಾದ ಹೊತ್ತಿನಲ್ಲಿ ಯಾರು ಏನು ಪಿಸುಗುಟ್ಟಬಹುದು, ಅದು ನನಗೆ ಬೇಡವಾಗಿತ್ತು. ಎದೆಯುಬ್ಬಿಸಿಕೊಂಡು ಓಡಾಡಿದವಳು ನಾನೇ. ಕಾಕಾ ಕೇಳಿದ್ದನ್ನು ಈಗ ನಾನೇ ಮಾಡಿದ್ದೆ, ಪ್ರೀತಿಯ ಹೆಸರಿನಲ್ಲಿ.

ಅಚ್ಚಿನ ಕರಡು ಬಂದ ದಿನ ಅವ್ವ ಅದನ್ನು ಓದಿ ಹೇಳು ಅಂದಳು. ಓದಿದೆ. ಮುಗಿಸಿ ಹಾಳೆ ಮಡಚಿದೆ.

'ಮತ್ತ ಓದು' ಅಂದಳು. ಮತ್ತೆ ಓದಿದೆ.

'ನನ್ನ ಮಾತು ಎಲ್ಲಿ?'

'ಜಾಗ ಸಾಲಲಿಲ್ಲ ಅವ್ವಾ' ಅಂದೆ. ಅವಳು ಹಾಳೆ ಕಸಿದುಕೊಂಡಳು. ಆ ಅಕ್ಷರ ಅವಳಿಗೆ ಬಾರದು, ಆದರೆ ಪುಟದ ಕೆಳಗೆ ನಾಲ್ಕು ಬೆರಳು ಖಾಲಿ ಇದ್ದದ್ದು ಯಾರಿಗಾದರೂ ಕಾಣುತ್ತಿತ್ತು. ಆ ಖಾಲಿ ಜಾಗದ ಮೇಲೆ ತನ್ನ ಕೈ ಇಟ್ಟು ನನ್ನ ಕಡೆ ನೋಡಿದಳು.

'ನೀ ಹತ್ತು ವರ್ಷದಾಕಿ ಇದ್ದಿ' ಅಂದೆ. ನನ್ನ ದನಿ ಏರಿತ್ತು. 'ಮನ್ಯಾಗ ಸಣ್ಣ ಮಕ್ಕಳಿದ್ರು. ತೆಗದಿದ್ರ ಎಲ್ಲಾರನ್ನೂ ಕೊಲ್ತಿದ್ರು. ನಿಂದೇನು ತಪ್ಪದ ಅದರಾಗ?'

'ತಪ್ಪು ಅಂತ ಬರಿ ಅಂದೇನು ನಾ? ಎಟಕ್ತಿತ್ತು ಅಂತ ಬರಿ ಅಂದೀನಿ. ಎಟಕ್ತಿತ್ತು, ತೆಗಿಲಿಲ್ಲ. ಅಷ್ಟೇ ಖರೆ.' ಹಾಳೆಯನ್ನು ನನ್ನ ಮುಂದೆ ಇಟ್ಟಳು. ಆಮೇಲೆ, ಎಂದೂ ಇಲ್ಲದಷ್ಟು ನಿಧಾನವಾಗಿ ಹೇಳಿದಳು: 'ನಮ್ಮಪ್ಪನ ಹೆಸರು ಹಾಕಿ ನಾ ಪಾರಾಗಲಾ, ಯವ್ವಾ? ಆ ಪುಸ್ತಕದಾಗ ಎಲ್ಲಾರೂ ನಾವಿದ್ರ ತೆಗಿತಿದ್ವಿ ಅಂತ ಬರದಾರ. ಅವರ್ಯಾರೂ ಅಲ್ಲಿದ್ದಿಲ್ಲ. ನಾ ಇದ್ದೆ.'

ನಾನು ಕಂಪ್ಯೂಟರು ಹಾಕಿದೆ. ಅವಳು ನನ್ನ ಹಿಂದೆ ನಿಂತು, ನಾನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡಳು.