ದೇವರ ಮನೆಯ ಮೊಳಕೆ, ಅಂಗಳದ ಮೊಳಕೆ

ಕೀಲಕ ಸಂವತ್ಸರದ ಮಾರ್ಗಶಿರ. ಹೆಮ್ಮಿಗೆಯಲ್ಲಿ ಈ ಬೆಳಗ್ಗೆ ಕಾವೇರಿಯ ಮಂಜು ಬೀದಿಗೇ ಹತ್ತಿ ಬಂದಿದೆ. ಎದುರುಮನೆಯ ಜಗಲಿ ಕಾಣುತ್ತಿಲ್ಲ. ಆ ಮಂಜಿನೊಳಗೇ ಲಕ್ಷ್ಮೀದೇವಮ್ಮ ಬಾಗಿಲು ಬಾಗಿಲಿಗೆ ನಿಂತು ಮಕ್ಕಳನ್ನು ಕೂಗುತ್ತಿದ್ದಾರೆ. ಹಾಗೆ ಕೂಗಿ ಕರೆತರದಿದ್ದರೆ ಊರಿನ ಹೆಣ್ಣುಮಕ್ಕಳ ಶಾಲೆ ತುಂಬುವುದೇ ಇಲ್ಲ.

ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಮೈಸೂರಿನಲ್ಲಿ ಓದಿ ಉಪಾಧ್ಯಾಯಿನಿಯಾದವರು. "ಮೊದಮೊದಲು ನಾನು ಎದುರಾದರೆ ಜನ ಅಪಶಕುನ ಅಂತ ಮನೆಗೆ ತಿರುಗಿ, ನೀರು ಕುಡಿದು ಹೊರಡುತ್ತಿದ್ದರು. ಈಗ ಒಂದು ದಿನ ಬಾರದಿದ್ದರೆ ಯಾಕೆ ಬರಲಿಲ್ಲ ಅಂತ ಕೇಳ್ತಾರೆ," ಎಂದು ನಗುತ್ತಾರೆ.

ಅವರ ವಸ್ತುಪಾಠದಲ್ಲಿ ಉರು ಹೊಡೆಯುವುದಿಲ್ಲ. ಮನೆಯಲ್ಲಿ ಮಾಡಿ ನೋಡಿದ್ದನ್ನು ಎಲ್ಲರೆದುರು ಹೇಳಬೇಕು, ಉಳಿದವರು ಕೆದಕಿ ಕೇಳಬೇಕು. ಈಚೆಗೆ ಕುಡಿಕೆಗಳಲ್ಲಿ ಹೆಸರುಕಾಳು ಬಿತ್ತಿಸಿದ್ದರು. ಅರ್ಚಕರ ಮಗಳು ಮಂಗಳಗೌರಿ, ಮದುವೆಗೆಂದು ಮೊಳೆಯಿಸುವ ಅಂಕುರದಂತೆ, ತನ್ನದನ್ನು ದೇವರ ಮನೆಯ ಕತ್ತಲಲ್ಲಿಟ್ಟಳು. ಹೊನ್ನಿನ ಬಣ್ಣದ ಮೊಳಕೆ ಉದ್ದುದ್ದ ಬಂತು. ದೈವಕೃಪೆಯೆಂದು ಎಲ್ಲರೂ ಕೈಮುಗಿದರು, ಲಕ್ಷ್ಮೀದೇವಮ್ಮನವರೂ ಮುಗಿದರು. ಚೆನ್ನಾಗಿ ಬೆಳೆಸಿದವಳಿಗೆ ಮೀಸಲಾದ ಮುಂದಿನ ಮಣೆ ಅವಳಿಗೇ ಹೋಯಿತು. ಅಂಗಳದಲ್ಲಿ ಬೆಳೆಸಿದ್ದ ಪುಟ್ಟಲಕ್ಷ್ಮಿ ಮಾತ್ರ, "ಅದು ಬೆಳ್ದಿಲ್ಲ ಕಣ್ರವ್ವ, ಬಿಳಚ್ಕೊಂಡದೆ" ಅಂದುಬಿಟ್ಟಳು.

ಮಾತು ಊರೆಲ್ಲ ಆಯಿತು. ಇಂದು ಪುಟ್ಟಲಕ್ಷ್ಮಿಯ ತಾಯಿ ಮುತ್ತಮ್ಮ ಶಾಲೆಯ ಬಾಗಿಲಲ್ಲೇ ನಿಂತಿದ್ದಾಳೆ. "ದ್ಯಾವ್ರ ಮನೆ ಮೊಳ್ಕೆಗೆ ಕೊಂಕು ತೆಗ್ಯಕೆ ಇವ್ಳ್ಯಾರು? ಇವ್ಳ ಮಾತು ಸುಳ್ಳಾದ್ರೆ ಈಗ್ಲೇ ಕರ್ಕೊಂಡೋಯ್ತೀನಿ, ಕಳೆ ಕೀಳಕ್ಕೆ. ಓದು ಸಾಕು."

ಪುಟ್ಟಲಕ್ಷ್ಮಿಯ ಮಾತಿಗೆ ಲಕ್ಷ್ಮೀದೇವಮ್ಮ ಅಂದು ತೀರ್ಪು ಕೊಟ್ಟಿರಲಿಲ್ಲ. ಇಬ್ಬರ ಕುಡಿಕೆಗಳ ಜಾಗ ಅದಲುಬದಲು ಮಾಡಿಸಿದ್ದರು, ಅಷ್ಟೆ. ಈಗ ಎರಡೂ ನಡುವೆ ಬಂದಿವೆ.

ಮಂಗಳಗೌರಿ ಬಗ್ಗಿ ನೋಡುತ್ತಾಳೆ. "ಅಂಗಳಕ್ಕೆ ಹೋದ ನಂದು ಹಸುರಾಗಿದೆ. ದೇವರ ಮನೆಗೆ ಬಂದ ಅವಳದು... ಹೊಸ ಸುಳಿಯೆಲ್ಲ ಬಿಳುಪು."

"ಅಂಗಾರೆ ದ್ಯಾವ್ರು ಮುನಿಸ್ಕೊಂಡ್ರೇನ್ರೇ?" ಹಿಂದಿನಿಂದ ಒಬ್ಬಳು ಛೇಡಿಸುತ್ತಾಳೆ.

"ಮುನಿಸ್ಯಾಕೆ? ಅಲ್ಲಿ ಕತ್ಲು, ಇಲ್ಲಿ ಬಿಸ್ಲು," ಎನ್ನುತ್ತಾಳೆ ಪುಟ್ಟಲಕ್ಷ್ಮಿ. "ಬೆಳಕು ಉಡುಕ್ಕೊಂಡು ಉದ್ದುಕ್ಕೆ ಓಗಿತ್ತು, ಪಾಪ."

ಲಕ್ಷ್ಮೀದೇವಮ್ಮನವರ ಮೈ ನವಿರೇಳುತ್ತದೆ. "ಚಿಕ್ಕಂದಿನಲ್ಲಿ ಎಷ್ಟು ಮದುವೆಗಳ ಅಂಕುರಕ್ಕೆ ನೀರೆರೆದೆ! ಅದು ಹುಡುಕುತ್ತಿದೆ ಅಂತ ಹೊಳೆಯಲೇ ಇಲ್ಲ. ಕತ್ತಲಲ್ಲಿ ಬಿದ್ದ ಕಾಳಿಗೂ ಬೆಳಕಿನ ಆಸೆ ಇಟ್ಟನಲ್ಲ, ದೇವರು!"

ಮುತ್ತಮ್ಮ ಸೆರಗು ಸರಿಮಾಡಿಕೊಂಡು, "ಬೈಗಿಗೆ ಬಿರ್ರನೆ ಬಾ ಕಣವ್ವ" ಎಂದು ಮಗಳಿಗೆ ಹೇಳಿ, ಒಬ್ಬಳೇ ಹೊಲದ ದಾರಿ ಹಿಡಿಯುತ್ತಾಳೆ.

ಮಂಗಳಗೌರಿ ಎದ್ದು, ಲಂಗದ ಅಂಚಿನಿಂದ ಮುಂದಿನ ಮಣೆಯ ಧೂಳು ಒರೆಸಿ, ಪುಟ್ಟಲಕ್ಷ್ಮಿಯ ಕಡೆಗೆ ಮೆಲ್ಲಗೆ ಸರಿಸುತ್ತಾಳೆ.