ಮಾಂಡೋವಿ ದಂಡೆಯ ಬೆಂಚಿನ ಮೇಲೆ ಕೇಳಿದ್ದು

ದೆವ್ವ, ಅಶರೀರವಾಣಿ ಎಂದರೆ ನಗುತ್ತಿದ್ದವನು ನಾನು. ಚಿಕ್ಕೋಡಿಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಬೈಬಲ್ ಹೇಳಿಕೊಡುತ್ತೇನೆ. ಇಂಥ ಕತೆ ತೆಗೆದವರನ್ನು ಅಲ್ಲೇ ಗದರಿಸಿ ಸುಮ್ಮನಾಗಿಸುತ್ತಿದ್ದೆ. ಈಗ ನಾನೇ ಹೇಳಲು ಕುಳಿತಿದ್ದೇನೆ. ನಗುವವರು ನಗಲಿ.

ಕೆಲವು ವರ್ಷಗಳ ಹಿಂದೆ ಮಗಳ ಮದುವೆ ಗೊತ್ತಾಯಿತು. ಬೀಗರು ರಾಯಬಾಗದವರು, ನಮ್ಮ ಚರ್ಚಿನ ಸಭೆಯವರೇ, ಬಲು ಕಟ್ಟುನಿಟ್ಟಿನ ಜನ. ನನ್ನ ತಂಗಿ ಎಸ್ತೇರ ಪಣಜಿಯ ಕ್ಯಾಸಿನೋ ಒಂದರಲ್ಲಿ ಇಸ್ಪೀಟು ಹಂಚುವ ಕೆಲಸಕ್ಕಿದ್ದಾಳೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಮದುವೆ ಮುರಿದೇ ಹೋಗುತ್ತದೆಂದು ನಾನೇ ತೀರ್ಮಾನಿಸಿಬಿಟ್ಟೆ. ಫೋನಿನಲ್ಲಾದರೆ ಅತ್ತು ಕರೆದು, ನನ್ನ ಮಾತು ಕೇಳದೆ ಬಂದೇಬಿಟ್ಟಾಳು. ಮದುವೆಗೆ ಬರಬೇಡವೆಂದು ಮುಖಕ್ಕೇ ಹೇಳಿ ಬರಲು ನಿಪ್ಪಾಣಿಯಲ್ಲಿ ಬಸ್ಸು ಹತ್ತಿದೆ.

ಪಣಜಿ ಎಂಬ ಊರು ನನಗೆ ಮೊದಲಿನಿಂದಲೂ ಆಗದು. ಹೆಜ್ಜೆಗೊಂದು ದಾರೂ ಅಂಗಡಿ, ಮಾಂಡೋವಿ ಹೊಳೆಯ ಮೇಲೆ ಜೂಜಿನ ಹಡಗುಗಳು, ಹಾಡಹಗಲೇ ತೂರಾಡುವ ಗಂಡಸರು. ಅವರಲ್ಲಿ ಇಬ್ಬರು ನಮ್ಮ ಕಡೆಯ ಮಾತೇ ಆಡುತ್ತಿದ್ದರು. ಮೈ ಉರಿದುಹೋಯಿತು. ಥೂ ಎಂದು ಅಲ್ಲೇ ಉಗುಳಿದೆ. ಇಷ್ಟೆಲ್ಲ ಚರ್ಚು ಇಟ್ಟುಕೊಂಡ ಊರು ಹೀಗಿದೆಯಲ್ಲ ಎಂದು ದೇವರ ಮೇಲೂ ಸಿಟ್ಟು ಬಂತು.

ಎಸ್ತೇರಳ ಪಾಳಿ ಮುಗಿಯಲು ಇನ್ನೂ ಹೊತ್ತಿತ್ತು. ಕುಡುಕರಿಂದ ದೂರ ಹೋಗಿ, ಹೊಳೆಗೆ ಬೆನ್ನು ಮಾಡಿ, ದಂಡೆಯ ಸಿಮೆಂಟ್ ಬೆಂಚಿನ ಮೇಲೆ ಕುಳಿತೆ. ಅವಳಿಗೆ ಹೇಳಬೇಕಾದ ಬಿರುಸು ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಆಗ ಬಲಗಿವಿಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರ, ಹೆಣ್ಣುದನಿಯೊಂದು "ಪಾಪ" ಎಂದಿತು.

ತಟ್ಟನೆ ತಿರುಗಿದೆ. ಹಿಂದೆ ಮೋಟುಗೋಡೆ, ಅದರಾಚೆ ನೀರು. ನಡುಮಧ್ಯಾಹ್ನದ ಸುಡುಬಿಸಿಲು, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಗೋಡೆಯ ಆಚೆಗೂ ಬಗ್ಗಿ ನೋಡಿ ಮತ್ತೆ ಕುಳಿತೆ. ಮತ್ತೆ ಅದೇ ದನಿ, ಅದೇ ಮಾತು. ಅಂಗಿ ತೊಯ್ಯುವಷ್ಟು ಬೆವರಿದೆ.

ಅಷ್ಟರಲ್ಲಿ ಪಾಳಿ ಮುಗಿಸಿದ ಎಸ್ತೇರ ನನ್ನನ್ನು ಹುಡುಕಿಕೊಂಡು ಬಂದಳು. ಕುಶಲ ಕೇಳುವ ಮೊದಲೇ, ಬಂದ ಕೆಲಸವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಆತು ಬಿಡೋ ಅಣ್ಣಾ, ನಾ ಬರಂಗಿಲ್ಲ," ಎಂದಳು. ಅಳಲಿಲ್ಲ. ನನ್ನ ಮುಖವನ್ನೇ ನೋಡಿ, "ಯಾಕ ಇಷ್ಟ ಬೆವರಾಕತ್ತಿ? ಇಲ್ಲಿ ಏನರ ಕೇಳಿಸ್ತೇನ?" ಎಂದಳು.

ನಾನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ. ಅವಳೇ ಹೇಳಿದಳು: "ಪಾಪ ಅಂತು, ಹೌದಲ್ಲ? ನಾನೂ ಕೇಳೇನಿ, ಇದ ಬೆಂಚಿನ ಮ್ಯಾಲ. ಬೈಯಾಕತ್ತೈತೋ, ಮರಗಾಕತ್ತೈತೋ, ಒಂದೂ ತಿಳಿಯಂಗಿಲ್ಲ ನನಗ. ನಿನಗ ಹೆಂಗ ಕೇಳಿಸ್ತು? ಖರೇ ಹೇಳ."

"ಬೈದಂಗ," ಎಂದೆ.

"ಹಂಗಂತೀ?" ಎಂದಳು. ಆಮೇಲೆ ನನ್ನನ್ನು ಬಸ್ಸಿಗೆ ಹತ್ತಿಸಿ ಹೋದಳು.

ಮದುವೆ ಚೆನ್ನಾಗಿಯೇ ಆಯಿತು. ಎಸ್ತೇರ ಬರಲಿಲ್ಲ. ಆಮೇಲೆ ನಮ್ಮ ಮನೆಗೂ ಬಂದಿಲ್ಲ, ಫೋನ್ ಮಾಡಿದರೆ ಎತ್ತುವುದೂ ಇಲ್ಲ.

ಬಿಸಿಲಿಗೆ ನನ್ನ ತಲೆ ಕೆಟ್ಟಿತ್ತು ಎನ್ನಿ, ಒಪ್ಪುತ್ತೇನೆ. ಹಾಗಾದರೆ ನಾನು ಕೇಳಿದ ಮಾತು ಅವಳಿಗೆ ಹೇಗೆ ಗೊತ್ತಾಯಿತು? ಲೆಕ್ಕದ ಮೇಷ್ಟ್ರಾದ ನನಗೆ ಇದು ಬಿಡಿಸಲಾಗಿಲ್ಲ. ಆ ಊರನ್ನು ಕಂಡರೆ ನನಗೆ ಇಂದಿಗೂ ಆಗದು. ಆದರೆ ಒಂದು ಮಾತನ್ನು ನಿಮ್ಮಿಂದ ಮುಚ್ಚಿಡಲಾರೆ. ಆ ದನಿ ಬೈದಂತೆ ಇರಲಿಲ್ಲ. ಎಡವಿ ಬಿದ್ದ ಕೂಸನ್ನು ಎತ್ತಿಕೊಳ್ಳುವಾಗ ನಮ್ಮ ಹೆಣ್ಣುಮಕ್ಕಳು ಅನ್ನುತ್ತಾರಲ್ಲ, ಹಾಗಿತ್ತು. ನಾನು ಅದನ್ನು ತಂಗಿಗೆ ಹೇಳಲಿಲ್ಲ.