ಕ್ಯಾತಣ್ಣ ದೂಡಿದ ಹೋರಿ

ಕ್ಯಾತಣ್ಣನ ಮಾತನ್ನು ನಾನು ನಂಬಲಿಲ್ಲ. ನಂಬುವುದಾದರೂ ಹೇಗೆ ಹೇಳಿ! ಪರಶುರಾಂಪುರದ ಹತ್ತಿರದ ನಮ್ಮ ಹಟ್ಟಿಯಲ್ಲಿ ದೇವರ ಎತ್ತುಗಳನ್ನು, ಅಂದರೆ ದೇವರಿಗೆ ಮೀಸಲು ಬಿಟ್ಟ ದನಗಳನ್ನು, ಮೇಯಿಸುವ ಕಿಲಾರಿ ಅವನು. ಕಿಲಾರಿಯ ಕೈಯಲ್ಲಿ ಕೋಲಿರುತ್ತದೆ, ಆದರೆ ಅದು ದನದ ಮೈಗೆ ತಾಗಕೂಡದು. ಕೂಗಿಯೇ ತಿರುಗಿಸಬೇಕು. ಸಿಟ್ಟಿನಿಂದ ಕೈ ಮಾಡಿದವನ ಕಿಲಾರಿತನ ಅಲ್ಲಿಗೆ ಮುಗಿಯಿತು. ಇವನ ಅಪ್ಪನೂ ಕಿಲಾರಿಯೇ. ಇವನಿಗೆ ಬೇರೆ ಬದುಕೇ ಗೊತ್ತಿಲ್ಲ.

ಅಂಥವನು ಚಳ್ಳಕೆರೆ ರಸ್ತೆಯಲ್ಲಿ ಆ ದೇವರ ದನಗಳಲ್ಲೇ ಒಂದು ಹೋರಿಯನ್ನು ದೂಡಿ ಚರಂಡಿಗೆ ಕೆಡವಿದ. ಅದು ಕುಂಟುತ್ತಾ ಬಂತು.

"ಲಾರಿ ಬಂತು, ಅದ್ಕೇ ದೂಡಿದೆ," ಅಂದ.

ಟ್ರ್ಯಾಕ್ಟರಿನಲ್ಲಿ ಹಿಂದೆ ಬರುತ್ತಿದ್ದ ಹುಲಿಯಪ್ಪ ಬೇರೆಯೇ ಹೇಳಿದ: "ಹಲ್ಲು ಕಚ್ಕಂಡು ದೂಡ್ದ. ಯಾವ ಲಾರಿನೂ ನಂಗೆ ಕಾಣ್ಲಿಲ್ಲ."

ನಾನೇ ಹೋಗಿ ನೋಡಿದೆ. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೇ ಇಲ್ಲ! ಅದೂ ಅಲ್ಲದೆ, ಹಿಂದಿನ ತಿಂಗಳು ಇದೇ ಹೋರಿ ನೀರಿನ ತೊಟ್ಟಿಯ ಬಳಿ ಇವನ ಹೆಂಡತಿ ಪಾತಮ್ಮನನ್ನು ಗುದ್ದಿ ಕೈ ಮುರಿದಿತ್ತು. ಸೇಡಲ್ಲದೆ ಮತ್ತೇನು? ಅವನೋ, ಯಾರ ಮುಖವನ್ನೂ ನೋಡದೆ ಓಡಾಡುತ್ತಿದ್ದ. ನನಗೆ ಮೈಯೆಲ್ಲಾ ಉರಿಯಿತು.

ಹಟ್ಟಿಯವರು ನ್ಯಾಯ ತೀರ್ಮಾನಕ್ಕೆ ಕಟ್ಟೆಯಲ್ಲಿ ಸೇರಿದರು. ಹಿರಿಯ ದೊಡ್ಡೀರಪ್ಪ ಬಾಯಿ ತೆರೆಯುವ ಮೊದಲೇ ಆ ರಸ್ತೆಯ ತಿರುವಿನಲ್ಲಿ ಟೀ ಅಂಗಡಿ ಇಟ್ಟಿದ್ದ ಕರಿಯಕ್ಕ ಎದ್ದಳು.

"ಲಾರಿ ನಾ ನೋಡೀನಿ. ನನ್ನ ಅಂಗಡಿ ಮುಂದ್ಲಿಂದ್ಲೇ ಹೋಯ್ತು, ಕಣ್ಣು ಮುಚ್ಕಂಡು ಓಡ್ಸಿದಂಗೆ!"

ಅಡ್ಡರಸ್ತೆಯಿಂದ ನುಗ್ಗಿ ತಿರುವಿನ ಆಚೆ ಮರೆಯಾದ ಅದು, ದನಗಳ ಹಿಂದೆ ಇದ್ದ ಹುಲಿಯಪ್ಪನಿಗೆ ಕಂಡಿರಲಿಕ್ಕಿಲ್ಲ. ಅವನು ತಲೆ ತಗ್ಗಿಸಿದ. ನನ್ನ ಮುಖವೂ ಸಪ್ಪಗಾಯಿತು.

"ಮುಗೀತಲ್ಲ," ಅಂದರು ದೊಡ್ಡೀರಪ್ಪ. "ಕೋಲು ತಗಂಡು ನಡಿಯಲೇ."

ಕ್ಯಾತಣ್ಣ ಕೋಲನ್ನು ಅವರ ಮುಂದಿಟ್ಟ.

"ಲಾರಿ ಬಂದಿದ್ದು ನಿಜ ಯಜಮಾನ್ರೇ. ಆದ್ರೆ ಕೈ ಮೊದ್ಲು ಹೋಯ್ತೋ, ಲಾರಿ ಮೊದ್ಲು ಕಾಣ್ತೋ ನಂಗೇ ಗೊತ್ತಿಲ್ಲ. ಆ ಹೋರಿ ಕಂಡ್ರೆ ದಿನಾ ಸಿಟ್ಟು ಬರ್ತಿತ್ತು. ಇನ್ನೊಂದ್ಸಲ ಲಾರಿ ಇಲ್ದಾಗ ಈ ಕೈ ಹೋದ್ರೆ?"

"ಅಯ್ಯೋ, ಇದ್ನ ಯಾರು ಕೇಳಿದ್ರು ನಿನ್ನ!" ಎಂದು ಪಾತಮ್ಮ ಹಣೆ ಚಚ್ಚಿಕೊಂಡು ಅತ್ತಳು.

ಎಷ್ಟು ಹೇಳಿದರೂ ಅವನು ಕೋಲು ಮುಟ್ಟಲಿಲ್ಲ. ಈಗ ಚಳ್ಳಕೆರೆಯಲ್ಲಿ ಶೇಂಗಾ ಮೂಟೆ ಹೊರುತ್ತಾನೆ. ಊರಿಗೆ ಬಂದಾಗ ದೇವರ ಎತ್ತುಗಳು ಎದುರಾದರೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು, ಅವು ಪೂರ್ತಿ ದಾಟುವವರೆಗೂ ರಸ್ತೆಯ ಬದಿಯಲ್ಲಿ ನಿಂತಿರುತ್ತಾನೆ.